ಗಾಮಾ ಮೊದಲು, ರೇಡಿಯೋ ಆಮೇಲೆ?

ಗಾಮಾ ಕಿರಣಗಳನ್ನು ಹಿಡಿಯುವ ಫರ್ಮಿ ಬಾಹ್ಯಾಕಾಶ ದೂರದರ್ಶಕ 2008ರ ಜೂನ್‌ನಲ್ಲಿ ಮೇಲೆ ಹೋಯಿತು. ಅದು ತೆಗೆದ ಗಾಮಾ ಆಕಾಶದಲ್ಲಿ ನಮ್ಮ ಹಾಲುಹಾದಿಯ ಪಟ್ಟಿಯನ್ನು ಬಿಟ್ಟು ಮೇಲೆ ಕೆಳಗೆ ಕಣ್ಣಾಡಿಸಿದರೆ ಸಿಗುವ ಚುಕ್ಕೆಗಳಲ್ಲಿ ಜಾಸ್ತಿಯವು ಬ್ಲೇಜಾರ್‌ಗಳು. ಅಂದರೆ ನಡುವೆ ದೈತ್ಯ ಕಪ್ಪುಕುಳಿ ಇಟ್ಟುಕೊಂಡು, ಅದರ ಪಕ್ಕದಿಂದ ಚಿಮ್ಮುವ ಕಣಗಳ ಧಾರೆಯನ್ನು, ಅಂದರೆ ಜೆಟ್ಟನ್ನು, ಹೆಚ್ಚುಕಡಿಮೆ ನಮ್ಮ ಕಡೆಗೇ ತಿರುಗಿಸಿಕೊಂಡ ಗ್ಯಾಲಕ್ಸಿಗಳು. ಸಕ್ರಿಯ ಗ್ಯಾಲಕ್ಸಿಗಳಲ್ಲಿ (ನಡುವಿನ ಕಪ್ಪುಕುಳಿ ಸುತ್ತಲಿನದನ್ನು ನುಂಗುತ್ತಾ ಹೊಳೆಯುವವು) ರೇಡಿಯೋದಲ್ಲಿ ಜೋರಾಗಿರೋದು ಸುಮಾರು ಹತ್ತಕ್ಕೆ ಒಂದು ಅಷ್ಟೇ. ಆದರೆ ಗಾಮಾದಲ್ಲಿ ಹೊಳೆಯುವವು ಬಹುಪಾಲು ಆ ಗುಂಪಿನವೇ.

ಇದು ಸುಮ್ನೆ ಬಿಡುವ ವಿಷಯ ಅಲ್ಲ. ಒಂದು ಗಾಮಾ ಫೋಟಾನಿನ (ಬೆಳಕಿನ ಕಣದ) ಶಕ್ತಿ ರೇಡಿಯೋ ಫೋಟಾನಿಗಿಂತ ಹತ್ತು ಲಕ್ಷ ಕೋಟಿ ಪಟ್ಟಿನಷ್ಟು ಜಾಸ್ತಿ. ಎರಡಕ್ಕೂ ನಂಟು ಹೇಗೆ? ಚಾಲ್ತಿಯಲ್ಲಿರುವ ಉತ್ತರ: ಎರಡರ ಹಿಂದೆಯೂ ಜೆಟ್ಟಿನ ಎಲೆಕ್ಟ್ರಾನ್‌ಗಳೇ. ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ರೇಡಿಯೋ ಚೆಲ್ಲುತ್ತವೆ, ಎದುರು ಸಿಕ್ಕ ಸಾಧಾರಣ ಬೆಳಕಿನ ಕಣಕ್ಕೆ ಗುದ್ದಿ ಅದನ್ನು ಗಾಮಾ ಮಟ್ಟಕ್ಕೆ ಏರಿಸುತ್ತವೆ. ಜೆಟ್ ಬೆಳಕಿನ ವೇಗದ ಹತ್ತಿರ ನಮ್ಮತ್ತ ಬರುವುದರಿಂದ ಎರಡೂ ಇನ್ನಷ್ಟು ಪ್ರಖರವಾಗಿ ಕಾಣುತ್ತವೆ.

ಹಾಗಾದರೆ ಎರಡರ ಪ್ರಕಾಶವನ್ನೂ ಗ್ರಾಫ್ ಹಾಕಿ ತೋರಿಸಿದರೆ ಆಯ್ತಲ್ವಾ? ಇಲ್ಲೇ ಇದೆ ಗುಂಡಿ. ಸ್ಪ್ರೆಡ್‌ಶೀಟ್‌ನಲ್ಲಿ ಎರಡು ಕಾಲಂ ತುಂಬ ಮನಸ್ಸಿಗೆ ಬಂದ ಅಂಕಿ ಹಾಕಿ, ಒಂದು ಭೂಮಿಯಿಂದ ಅಳೆದ ರೇಡಿಯೋ ಹೊಳಪು, ಇನ್ನೊಂದು ಗಾಮಾ ಹೊಳಪು ಅಂದುಕೊಳ್ಳಿ. ಮೂರನೇ ಕಾಲಂನಲ್ಲಿ ದೂರ ಹಾಕಿ. ಗ್ಯಾಲಕ್ಸಿ ನಿಜಕ್ಕೂ ಚೆಲ್ಲುವ ಒಟ್ಟು ಪ್ರಕಾಶ ಬೇಕೆಂದರೆ ಎರಡನ್ನೂ ದೂರದ ವರ್ಗದಿಂದ ಗುಣಿಸಬೇಕು. ಗುಣಿಸಿ, ಲಾಗ್ ಗ್ರಾಫಿನಲ್ಲಿ ಇಡಿ. ಚಂದದ ಓರೆ ಗೆರೆ ಸಿಗುತ್ತದೆ, ಅಂಕಿಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೂ! ಎರಡೂ ಕಡೆ ಒಂದೇ ದೂರ ನುಸುಳಿದೆ, ಅಷ್ಟೇ. ಈ ಮೋಸವನ್ನು ಕಳೆದು ನೋಡುವ ಲೆಕ್ಕವನ್ನು 2011ರಲ್ಲಿ ಫರ್ಮಿ ತಂಡ 599 ಗ್ಯಾಲಕ್ಸಿಗಳ ಮೇಲೆ ಮಾಡಿತು. ನಂಟು ಉಳಿಯಿತು. ಆಕಸ್ಮಿಕವಾಗಿ ಹೀಗೆ ಬರುವ ಸಾಧ್ಯತೆ ಕೋಟಿಗೆ ಒಂದಕ್ಕಿಂತ ಕಮ್ಮಿ. ಆದರೂ ಬರೀ ಪ್ರಕಾಶ-ಪ್ರಕಾಶ ಗ್ರಾಫ್ ತೋರಿಸಿ ಸಂಬಂಧ ಸಾಬೀತಾಯ್ತು ಅನ್ನುವವರನ್ನು ನಾನು ನಂಬುವುದಿಲ್ಲ.

ಸರಾಸರಿಯ ಕಥೆ ಇಷ್ಟು. ಒಂದೊಂದೇ ಗ್ಯಾಲಕ್ಸಿ ಹಿಡಿದರೆ ತಲೆಬಿಸಿ. ಕ್ಯಾಲಿಫೋರ್ನಿಯಾದ ಓವೆನ್ಸ್ ವ್ಯಾಲಿಯಲ್ಲಿ 40 ಮೀಟರ್ ಡಿಶ್ ಒಂದು ವಾರಕ್ಕೆ ಎರಡು ಸಲದಂತೆ ಸಾವಿರಕ್ಕೂ ಹೆಚ್ಚು ಬ್ಲೇಜಾರ್‌ಗಳನ್ನು 15 ಗಿಗಾಹರ್ಟ್ಸ್‌ನಲ್ಲಿ ಅಳೆಯುತ್ತದೆ. ಆ ಏರಿಳಿತವನ್ನು ಫರ್ಮಿಯ ಏರಿಳಿತದ ಜೊತೆ ಇಟ್ಟು ನೋಡಿದ 2014ರ ಅಧ್ಯಯನದಲ್ಲಿ 41 ಗ್ಯಾಲಕ್ಸಿಗಳ ಪೈಕಿ ಗಮನಾರ್ಹವಾಗಿ ತಾಳೆಯಾದದ್ದು ಮೂರು. ಬರೀ ಮೂರು! ಅದೇ ವರ್ಷ ಇನ್ನೊಂದು ತಂಡ 54 ಬ್ಲೇಜಾರ್‌ಗಳನ್ನು ಒಟ್ಟು ಸೇರಿಸಿ ಸರಾಸರಿ ತೆಗೆದಾಗ ಚಿತ್ರ ಸ್ಪಷ್ಟವಾಯಿತು: ರೇಡಿಯೋ ಹಿಂದೆ ಬೀಳುತ್ತದೆ, 11 ಸೆಂಟಿಮೀಟರ್ ತರಂಗದಲ್ಲಿ ಸುಮಾರು 76 ದಿನ, 2 ಮಿಲಿಮೀಟರಿನಲ್ಲಿ ವಾರದಷ್ಟು. ಜೆಟ್ಟಿನ ಬುಡ ಉದ್ದ ರೇಡಿಯೋ ತರಂಗಗಳನ್ನು ತಾನೇ ನುಂಗಿಬಿಡುತ್ತದೆ, ಸಿಡಿದ ಮುದ್ದೆ ಮುಂದೆ ಸಾಗಿ ತೆಳುವಾದ ಮೇಲಷ್ಟೇ ಅವು ಹೊರಬೀಳುತ್ತವೆ, ಗಾಮಾಕ್ಕೆ ಆ ತಡೆ ಇಲ್ಲ. ವಿವರಣೆ ಅಚ್ಚುಕಟ್ಟಾಗಿದೆ.

ಆದರೆ ಎಂ87 ಎಂಬ ಗ್ಯಾಲಕ್ಸಿ ನೋಡಿ. ಬ್ಲೇಜಾರ್ ಅಲ್ಲ, ಜೆಟ್ ಸ್ವಲ್ಪ ಓರೆ, ದೂರ ಸುಮಾರು 5.5 ಕೋಟಿ ಜ್ಯೋತಿರ್ವರ್ಷ, ಹಾಗಾಗಿ ಬುಡವನ್ನೇ ಬಿಡಿಸಿ ನೋಡಬಹುದು. 2005ರಲ್ಲಿ ಅದು ಗಾಮಾದಲ್ಲಿ ಭುಗಿಲೆದ್ದಾಗ ಬುಡದಿಂದ 200 ಜ್ಯೋತಿರ್ವರ್ಷಕ್ಕೂ ಆಚೆಯ ಎಚ್‌ಎಸ್‌ಟಿ-1 ಎಂಬ, ಜೆಟ್ಟಿನೊಳಗಿನ ಹೊಳೆಯುವ ಗಂಟು ಎಕ್ಸ್-ರೇಯಲ್ಲಿ ಉರಿಯುತ್ತಿತ್ತು. ಅನುಮಾನ ಅದರ ಮೇಲೆ ಬಿತ್ತು. 2008ರ ಫೆಬ್ರವರಿಯಲ್ಲಿ ನಮೀಬಿಯಾ, ಲಾ ಪಾಲ್ಮಾ, ಅರಿಜೋನಾ ಮೂರೂ ಕಡೆಯ ದೂರದರ್ಶಕಗಳು ಮತ್ತೆ ಭುಗಿಲನ್ನು ಹಿಡಿದವು. ಈ ಸಲ ಗಂಟು ತಣ್ಣಗಿತ್ತು, ಕಪ್ಪುಕುಳಿಯ ಪಕ್ಕದ ಬುಡ ರೇಡಿಯೋದ 43 ಗಿಗಾಹರ್ಟ್ಸ್‌ನಲ್ಲಿ ಏರತೊಡಗಿತು, ಗಾಮಾ ಇಳಿದ ಮೇಲೂ ಏರುತ್ತಲೇ ಹೋಯಿತು. ಸಿಕ್ಕಿಬಿತ್ತು ಕಳ್ಳ ಅಂತ ಎಲ್ಲರಿಗೂ ಖುಷಿ. 2010ರಲ್ಲಿ ಇನ್ನೊಂದು ಭುಗಿಲು ಬಂತು, ರೇಡಿಯೋದಲ್ಲಿ ಬುಡ ಅಲುಗಲೇ ಇಲ್ಲ.