ದೊಡ್ಡಮ್ಮನ ಹಳೇ ಮೂರು ಬರ್ನರ್ ಸ್ಟವ್, ರಿಪೇರಿ ಎಲ್ಲಿಗೆ ಬಂತು

ಶಿವಮೊಗ್ಗದ ದೊಡ್ಡಮ್ಮನ ಮನೇದು ಇದು, ಸ್ಟೀಲ್ ಬಾಡಿ, ಹಿತ್ತಾಳೆ ಬರ್ನರ್. ಹೊಸ ಗ್ಲಾಸ್ ಟಾಪ್ ಬಂದ್ಮೇಲೆ ಅಟ್ಟ ಸೇರಿತ್ತು, ಗುಜರಿಗೆ ಹಾಕ್ತೀವಿ ಅಂದ್ರು, ನಾನು ಎತ್ಕೊಂಡು ಬಂದೆ. ಎಡಗಡೆ ಬರ್ನರ್‌ದು ಹಳದಿ ಉರಿ, ಪಾತ್ರೆ ತಳ ಎಲ್ಲಾ ಮಸಿ. ನಡುವಿನ ನಾಬ್ ತಿರುಗ್ಸೋಕೆ ಇಕ್ಕಳ ಬೇಕು ಅನ್ನೋ ಹಾಗಿದೆ. ಬಲಗಡೆ ಸಣ್ಣದು ಹತ್ತಿದ ತಕ್ಷಣ ಟಪ್ ಅಂತ ಉರಿ ಒಳಗೆ ಹೋಗಿ ಕೆಳಗೆ ಜೆಟ್ (ಗ್ಯಾಸ್ ಹೊರಡೋ ಸಣ್ಣ ತೂತಿನ ಹಿತ್ತಾಳೆ ತುಂಡು) ಬಾಯಲ್ಲೇ ಉರಿಯುತ್ತೆ.

ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಬಿಚ್ಚೋದಿಲ್ಲ ಅಂತ ಮೊದ್ಲೇ ತೀರ್ಮಾನ ಮಾಡಿದ್ದೆ. ಸಿಲಿಂಡರ್ ಒಳಗೆ ಗ್ಯಾಸ್ ನೀರಿನ ಥರ ದ್ರವವಾಗಿ ಒತ್ತಡದಲ್ಲಿರುತ್ತೆ, ರೆಗ್ಯುಲೇಟರ್ ಅದನ್ನ ಸುಮಾರು 30 ಮಿಲಿಬಾರ್‌ಗೆ ಇಳಿಸಿ ಕಳಿಸುತ್ತೆ, ಅಂದ್ರೆ ಒಂದಡಿ ಎತ್ತರದ ನೀರಿನ ಒತ್ತಡ ಅಷ್ಟೇ. ಸ್ಟವ್ ಒಳಗೆ ಏನೇ ಕೆಲಸ ಮಾಡಿದ್ರೂ ಈ ಕಡಿಮೆ ಒತ್ತಡದ ಕಡೆ, ಅದೂ ಪೈಪ್ ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಮೇಲೆ. ರೆಗ್ಯುಲೇಟರ್ ಕೆಟ್ರೆ ಏಜೆನ್ಸಿಗೆ ಕೊಟ್ಟು ಬದಲಾಯಿಸ್ಕೋಬೇಕು, ಅದನ್ನ ಬಿಚ್ಚಿ ಸ್ಪ್ರಿಂಗ್ ನೋಡೋ ಕುತೂಹಲ ಇರೋರು ಬೇರೆ ಹವ್ಯಾಸ ಹುಡುಕ್ಕೊಳ್ಳಿ.

ಹಳದಿ ಉರಿ

ಇದಕ್ಕೆ ಎಲ್ಲರೂ ಹೇಳೋದು ಒಂದೇ, ಬರ್ನರ್ ಬಿಸಿನೀರು ನಿಂಬೆಹಣ್ಣಲ್ಲಿ ನೆನೆಹಾಕು ಅಂತ. ಹಾಕಿದೆ, ಹುಣಸೆಹಣ್ಣಲ್ಲೂ ತಿಕ್ಕಿದೆ, ಹಿತ್ತಾಳೆ ಪಳಪಳ ಅಂತು, ಹಾಲು ಉಕ್ಕಿ ಕಟ್ಕೊಂಡಿದ್ದ ತೂತೆಲ್ಲ ತೆರ್ಕೊಂತು, ಆದ್ರೆ ಉರಿ ಮಾತ್ರ ಹಳದೀನೇ. ಯಾಕಂದ್ರೆ ತೊಂದ್ರೆ ಮೇಲಿರ್ಲಿಲ್ಲ, ಕೆಳಗಿತ್ತು. ಜೆಟ್‌ನಿಂದ ಗ್ಯಾಸ್ ಜೋರಾಗಿ ಹೊರಡುವಾಗ ಪಕ್ಕದ ಗಾಳಿಕಿಂಡಿಯಿಂದ ಗಾಳಿನೂ ಎಳ್ಕೊಂಡು ಹೋಗುತ್ತೆ, ಎರಡೂ ಬರ್ನರ್ ಕೆಳಗಿನ ಕೊಳವೇಲಿ ಬೆರೆತು ಮೇಲೆ ಬರುತ್ತೆ. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯೋಕೆ ಸುಮಾರು 24 ಪಾಲು ಗಾಳಿ ಬೇಕು, ಬ್ಯೂಟೇನ್‌ಗೆ 31. ನಮ್ಮ ಸಿಲಿಂಡರ್‌ನಲ್ಲಿರೋದು ಈ ಎರಡರ ಮಿಶ್ರಣ. ಬೇಕಾದ ಗಾಳೀಲಿ ಒಂದು ಭಾಗ ಕೊಳವೆ ಒಳಗೇ ಸೇರ್ಬೇಕು, ಉಳಿದಿದ್ದು ಉರಿ ಸುತ್ತ ಸಿಗುತ್ತೆ. ಒಳಗೆ ಸೇರೋದು ಕಮ್ಮಿ ಆದ್ರೆ ಇಂಗಾಲ ಅರ್ಧಂಬರ್ಧ ಉರಿದು ಕೆಂಡದ ಹಾಗೆ ಹೊಳೆಯುತ್ತೆ, ಆ ಹೊಳಪೇ ಹಳದಿ ಬಣ್ಣ, ಪಾತ್ರೆಗೆ ಅಂಟೋ ಮಸಿನೂ ಅದೇ. ಇದರ ಜೊತೆ ಕಾರ್ಬನ್ ಮಾನಾಕ್ಸೈಡ್ ಬೇರೆ ಬರುತ್ತೆ, ಅದಕ್ಕೆ ವಾಸನೆ ಇಲ್ಲ. ಹಾಗಾಗಿ ಹಳದಿ ಉರಿ ಅಂದ್ರೆ ಬರೀ ಪಾತ್ರೆ ತಿಕ್ಕೋರ ಕಷ್ಟ ಅಲ್ಲ, ಕಿಟಕಿ ಮುಚ್ಚಿರೋ ಅಡುಗೆಮನೇಲಿ ಇದು ಅಪಾಯ.

ಸ್ಟವ್ ತಿರುಗಿಸಿ ಮಲಗ್ಸಿ ಮೊಬೈಲ್ ಟಾರ್ಚ್ ಬಿಟ್ಟು ನೋಡ್ದೆ. ಕೊಳವೆ ಬಾಯಲ್ಲಿ ಜೇಡರ ಬಲೆ, ಅದಕ್ಕೆ ಎಣ್ಣೆಜಿಡ್ಡು, ಸಾಸಿವೆ, ಧೂಳು ಎಲ್ಲಾ ಸೇರಿ ಗಟ್ಟಿ ಬೂಚು. ಅಟ್ಟದಲ್ಲಿ ಇಟ್ಟಿದ್ದ ಯಾವ ಸ್ಟವ್ ಇಳಿಸಿದ್ರೂ ಮೊದ್ಲು ಇಲ್ಲಿ ನೋಡ್ಬೇಕು ಅನ್ನೋದು ನನ್ನ ಅಭಿಪ್ರಾಯ, ಬರ್ನರ್ ಪಾಲಿಶ್ ಆಮೇಲೆ. ಬಾಟಲಿ ತೊಳೆಯೋ ಬ್ರಷ್ ಹಾಕಿ ಎಳೆದೆ, ಒಣಗಿಸಿ ಜೋಡಿಸಿದೆ, ಉರಿ ನೀಲಿಗೆ ಬಂತು.

ಜೆಟ್ ವಿಷ್ಯ

ಉರಿ ಸಾಲ್ದು ಅಂದ್ರೆ ಜೆಟ್‌ನ ತೂತು ಸ್ವಲ್ಪ ದೊಡ್ಡದು ಮಾಡು ಅಂತ ಸಲಹೆ ಕೊಡೋರು ಬೇಕಾದಷ್ಟು ಜನ ಇದಾರೆ. ಬೇಡ. ಆ ತೂತು ಒಂದು ಮಿಲಿಮೀಟರ್‌ಗಿಂತ ಕಡಿಮೆ, ವ್ಯಾಸ 20 ಪರ್ಸೆಂಟ್ ಜಾಸ್ತಿ ಆದ್ರೆ ತೂತಿನ ವಿಸ್ತೀರ್ಣ 44 ಪರ್ಸೆಂಟ್ ಜಾಸ್ತಿ, ಗ್ಯಾಸೂ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ ಹೋಗುತ್ತೆ, ಗಾಳಿಕಿಂಡಿ ಮಾತ್ರ ಹಳೇ ಅಳತೇಲೇ ಇರುತ್ತೆ, ಮತ್ತೆ ಹಳದಿ ಉರಿ. ಸೀಮೆಎಣ್ಣೆ ಪಂಪ್ ಸ್ಟವ್ ಕಾಲದ ಪಿನ್ ಎಷ್ಟೋ ಮನೇಲಿ ಇನ್ನೂ ಇದೆ, ಅದನ್ನೇ ಇಲ್ಲೂ ಚುಚ್ತಾರೆ. ಹಿತ್ತಾಳೆ ಮೆತ್ತಗಿನ ಲೋಹ, ಪಿನ್ ಉಕ್ಕಿಂದು, ಚುಚ್ಚಿ ಚುಚ್ಚಿ ತೂತು ಸವೆದು ಅಂಕುಡೊಂಕಾಗುತ್ತೆ. ನಾನು ಸ್ಪ್ಯಾನರ್‌ನಲ್ಲಿ ಬಿಚ್ಚಿ ಸೋಪು ನೀರಲ್ಲಿ ನೆನೆಸಿ ಸೈಕಲ್ ಪಂಪಿಂದ ಗಾಳಿ ಹೊಡೆದೆ, ಅಷ್ಟು ಸಾಕಾಯ್ತು.

ಇದರ ಮಧ್ಯೆ ಬೆಂಗಳೂರಿಂದ ತಮ್ಮ ಫೋನ್ ಮಾಡಿ, ನಮ್ಮ ಅಪಾರ್ಟ್‌ಮೆಂಟ್‌ಗೆ ಪೈಪ್ ಗ್ಯಾಸ್ ಬಂದಿದೆ, ರೆಡಿ ಆದ್ರೆ ನಂಗೇ ಕೊಡು ಅಂದ. ಹಾಗೆಲ್ಲ ನೇರ ಜೋಡ್ಸೋಕಾಗಲ್ಲ ಕಣೋ ಅಂದೆ. ಪೈಪಲ್ಲಿ ಬರೋದು ಹೆಚ್ಚಿನಂಶ ಮೀಥೇನ್, ಅದೇ ಗಾತ್ರದ ಸಿಲಿಂಡರ್ ಗ್ಯಾಸ್‌ಗೆ ಹೋಲಿಸಿದ್ರೆ ಅದರ ಶಾಖ ಅರ್ಧಕ್ಕಿಂತ ಕಮ್ಮಿ, ಸ್ಟವ್‌ಗೆ ಬರೋ ಒತ್ತಡಾನೂ ಕಮ್ಮಿ, ಸುಮಾರು 21 ಮಿಲಿಬಾರ್. ಅದಕ್ಕೆ ದೊಡ್ಡ ತೂತಿನ ಜೆಟ್ ಬೇಕು, ಕನೆಕ್ಷನ್ ಕೊಡೋರೇ ಬಂದು ಬದಲಾಯಿಸ್ತಾರೆ. ಆ ಜೆಟ್ ಹಾಕಿದ ಸ್ಟವ್ ವಾಪಸ್ ಸಿಲಿಂಡರ್‌ಗೆ ಜೋಡಿಸಿದ್ರಂತೂ ಉರಿ ಚಿಮಣಿ ಮುಟ್ಟುತ್ತೆ. ಊರು ಬಿಟ್ಟು ಊರಿಗೆ ಸಾಮಾನು ಸಾಗಿಸೋರು ಇದನ್ನ ನೆನಪಿಟ್ಕೊಳಿ.

ಗಟ್ಟಿಯಾದ ನಾಬ್

ನಾಬ್ ಹಿಂದೆ ಗ್ಯಾಸ್ ಬಿಡೋ, ನಿಲ್ಸೋ ನಲ್ಲಿ ಇರುತ್ತಲ್ಲ, ಅದೇ ಕಾಕ್. ಅದರ ಒಳಗೆ ಇಳಿಜಾರಾಗಿ ಕಡೆದ ಹಿತ್ತಾಳೆ ಪ್ಲಗ್ ಇರುತ್ತೆ, ಅದರಲ್ಲೊಂದು ದೊಡ್ಡ ತೂತು, ಸಿಮ್‌ಗೆ ಒಂದು ಚಿಕ್ಕ ತೂತು. ತಿರುಗ್ಸಿದ ಹಾಗೆ ಯಾವ ತೂತು ಎದುರು ಬರುತ್ತೋ ಅಷ್ಟು ಗ್ಯಾಸ್. ಪ್ಲಗ್ಗಿಗೂ ಬಾಡಿಗೂ ನಡುವೆ ತೆಳ್ಳಗೆ ಗ್ರೀಸ್ ಇದ್ರೇನೇ ಸರಾಗ, ಗ್ಯಾಸ್ ಹೊರಗೆ ಬರ್ದೇ ಇರೋ ಹಾಗೆ ತಡೆಯೋದೂ ಅದೇ ಗ್ರೀಸ್. ಅದು ಬಿಸಿಗೆ ಒಣಗಿದ್ರೆ ನಾಬ್ ಗಟ್ಟಿ, ಬಲವಂತ ಮಾಡಿದ್ರೆ ಗೀರು ಬಿದ್ದು ಲೀಕ್. ಇಲ್ಲಿಗೆ ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ ಏನೂ ನಡೆಯಲ್ಲ, ಬಿಸಿ ತಡೆಯೋ ಗ್ರೀಸೇ ಬೇಕು.

ಈ ಕೆಲಸಾನ ಗಾಂಧಿ ಬಜಾರ್ ಕಡೆ ಒಂದು ಸ್ಟವ್ ರಿಪೇರಿ ಅಂಗಡಿಗೆ ಕೊಟ್ಟೆ. ಮೂರೂ ಕಾಕ್ ಬಿಚ್ಚಿ ಬೇರೆ ಬೇರೆ ಬಟ್ಟಲಲ್ಲಿ ಇಟ್ರು. ಯಾಕಣ್ಣ ಹೀಗೆ ಅಂದ್ರೆ, "ಒಂದರ ಪ್ಲಗ್ ಇನ್ನೊಂದಕ್ಕೆ ಕೂರಲ್ಲ ಸಾರ್, ಜೋಡಿ ಜೋಡಿಯಾಗೇ ಉಜ್ಜಿ ಕೂರ್ಸಿರ್ತಾರೆ, ಅದಲುಬದಲಾದ್ರೆ ಗ್ಯಾಸ್ ನಿಲ್ಲಲ್ಲ" ಅಂದ್ರು. ನಡುವಿನದಕ್ಕೆ ಗೀರು ಬಿದ್ದಿತ್ತು, ಹೊಸ ಕಾಕೇ ಹಾಕ್ಸಿದೆ. ಹಳೇ ಪೈಪ್ ನೋಡಿ ಅವರೇ ಎಸೆದ್ರು, ಬಳುಕಿಸಿದ್ರೆ ಬಿರುಕು ಕಾಣ್ತಿತ್ತು. ಈಗಿರೋದು ಐಎಸ್‌ಐ ಗುರುತಿರೋ ಸುರಕ್ಷಾ ಪೈಪ್, ಐದು ವರ್ಷಕ್ಕೊಂದ್ಸಲ ಬದಲಾಯಿಸ್ಬೇಕು, ತಾರೀಖು ಪೈಪ್ ಮೇಲೇ ಅಚ್ಚಾಗಿರುತ್ತೆ.

ನೊರೆ ಪರೀಕ್ಷೆ

ಜಗಲೀಲಿ ಇಟ್ಟು, ನಾಬ್ ಮೂರೂ ಆಫ್, ರೆಗ್ಯುಲೇಟರ್ ಆನ್, ಸೋಪಿನ ನೊರೆ ಎಲ್ಲಾ ಜಾಯಿಂಟಿಗೂ ಬ್ರಷ್‌ನಲ್ಲಿ ಹಚ್ಚಿದೆ. ಕಾಕ್‌ಗಳ ಹತ್ರ ಏನೂ ಇಲ್ಲ. ಪೈಪ್ ಸ್ಟವ್‌ಗೆ ಸೇರೋ ಮೂತೀಲಿ ಒಂದೇ ಒಂದು ಗುಳ್ಳೆ ನಿಧಾನಕ್ಕೆ ಊದ್ಕೊಳ್ತಾ ಇತ್ತು. ಆಫ್ ಮಾಡಿ, ಪೈಪ್ ಇನ್ನೂ ಒಳಗೆ ತಳ್ಳಿ ಮತ್ತೆ ಹಚ್ಚಿ ನೋಡ್ದೆ, ನಿಂತಿತ್ತು. ಕಡ್ಡಿ ಗೀರಿ ಲೀಕ್ ಹುಡುಕೋರು ಇನ್ನೂ ಇದಾರಂತೆ, ಅವರಿಗೇನು ಹೇಳೋದು.

ಇನ್ನೊಂದು ವಿಷ್ಯ, ಇಂಥ ಹಳೇ ಸ್ಟವ್‌ಗಳಲ್ಲಿ ಹಾಲುಕ್ಕಿ ಉರಿ ಆರಿದ್ರೆ ಗ್ಯಾಸ್ ತಾನಾಗಿ ನಿಲ್ಲಲ್ಲ. ಕೆಲವು ಹೊಸ ಹಾಬ್‌ಗಳಲ್ಲಿ (ಅಡುಗೆಕಟ್ಟೆ ಒಳಗೇ ಕೂರ್ಸೋ ಸ್ಟವ್) ಉರಿ ಪಕ್ಕ ಒಂದು ಚಿಕ್ಕ ಕಡ್ಡಿ ಇರುತ್ತೆ, ಅದು ಬಿಸಿ ಇರೋತನಕ ಹುಟ್ಟೋ ಸಣ್ಣ ಕರೆಂಟಿಂದ ವಾಲ್ವ್ ತೆರೆದಿರುತ್ತೆ, ತಣ್ಣಗಾದ್ರೆ ಮುಚ್ಕೊಳ್ಳುತ್ತೆ. ನಮ್ಮದ್ರಲ್ಲಿ ಆ ಕಾವಲು ಕೆಲಸ ಮೂಗಿಂದೇ, ಅದಕ್ಕೇ ಗ್ಯಾಸ್‌ಗೆ ಮರ್ಕ್ಯಾಪ್ಟನ್ ಅನ್ನೋ ಗಬ್ಬುವಾಸನೆ ಸೇರಿಸಿರ್ತಾರೆ. ವಾಸನೆ ಬಂದ್ರೆ ಸ್ವಿಚ್ ಮುಟ್ಬೇಡಿ, ಎಕ್ಸಾಸ್ಟ್ ಫ್ಯಾನೂ ಹಾಕ್ಬೇಡಿ, ರೆಗ್ಯುಲೇಟರ್ ಆಫ್ ಮಾಡಿ ಬಾಗಿಲು ಕಿಟಕಿ ತೆಗೀರಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತೆ, ಹಾಗಾಗಿ ಬಾಗಿಲು ಮುಖ್ಯ. ಹೊರಗೆ ಬಂದು ಗ್ಯಾಸ್ ಲೀಕ್ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ.

ಈಗ

ಎಡಗಡೆ ಮತ್ತು ನಡುವಿಂದು ಚೆನ್ನಾಗಿ ನಡೀತಿದೆ. ಬಲಗಡೆ ಸಣ್ಣ ಬರ್ನರ್‌ದು ತೂತುಗಳೇ ಸವೆದು ಅಗಲ ಆಗಿವೆ. ಗ್ಯಾಸ್ ಹೊರಗೆ ಬರೋ ವೇಗ ಕಮ್ಮಿ ಆಗಿ, ಉರಿ ಅದಕ್ಕಿಂತ ವೇಗವಾಗಿ ಹಿಂದಕ್ಕೆ ಓಡುತ್ತೆ, ಆ ಟಪ್ ಸದ್ದು ಅದೇ. ತೊಳೆದ್ರೆ ಹೋಗೋ ಕಾಯಿಲೆ ಅಲ್ಲ ಅದು, ಬರ್ನರ್ ತಲೆ ಹೊಸದೇ ಬೇಕು, ಆದ್ರೆ ಈ ಅಳತೆ ಅಂಗಡೀಲಿ ಇಲ್ಲ. ಹುಡುಕಿಸ್ತೀನಿ ಅಂದಿದಾರೆ. ಅದು ಸಿಗೋವರೆಗೆ ಆ ಬರ್ನರ್‌ನ ಕಾಕ್ ತೆಗೆಸಿ, ಒಳಪೈಪಿನ ಬಾಯಿಗೆ ಸ್ಕ್ರೂ ಹಾಕಿ ಮುಚ್ಚಿಸಿದೀನಿ, ಅಲ್ಲೂ ನೊರೆ ಹಚ್ಚಿ ನೋಡಾಯ್ತು. ತುಕ್ಕು ಹಿಡಿದಿರೋ ಪಾತ್ರೆ ಸ್ಟ್ಯಾಂಡ್‌ಗಳು ಮುಂದಿನ ವಾರ.