ಹತ್ತಿ ಸಾಲಿನಾಗ ಮಗಳ ಕೂಡ

ದಸರಾ ರಜೆಗೆ ಮಗಳು ಧಾರವಾಡದಿಂದ ಬಂದಿದ್ದಳು. ಅಲ್ಲಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಕೃಷಿ, ಮೂರನೇ ವರ್ಷ. ಬಂದ ರಾತ್ರಿಯೇ ಊಟಕ್ಕೆ ಕೂತಾಗ ಕೇಳಿದೆ: ‘ಮುಂದ ಏನ್ ಮಾಡಾಕಿ ಯವ್ವಾ?’

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ‘ನೋಡೂಣಪ್ಪಾ’ ಅಂದಳು.

ನಾನು ಬಿಡಲಿಲ್ಲ. ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಗೆ ಐಬಿಪಿಎಸ್ ಪರೀಕ್ಷೆ, ಇಲಾಖೆಗೆ ಹೋಗಬೇಕೆಂದರೆ ಕೆಪಿಎಸ್‌ಸಿ, ಕೋಚಿಂಗಿಗೆ ಧಾರವಾಡದ ಸಪ್ತಾಪುರ. ಎಲ್ಲ ನಾನೇ ಹೇಳಿದೆ. ಅವಳು ತಾಟು ತೊಳೆದಿಟ್ಟು ಒಳಗೆ ಹೋದಳು.

ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ, ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ರೇಟು ಬಿದ್ದ ವರ್ಷ ಮಾರಾಟದ ಪಟ್ಟಿ ಕೈಗೆ ತಗೊಂಡ ರೈತನ ಮುಖ ಹೇಗಾಗುತ್ತದೆ ಅನ್ನೋದನ್ನು ಹತ್ತಿರದಿಂದ ನೋಡಿದ್ದೇನೆ. ಮಗಳಿಗೆ ತಿಂಗಳಾತು ಅಂದರೆ ಪಗಾರ ಬರುವ ನೌಕರಿ ಇರಲಿ ಅನ್ನುವ ಆಸೆ ಹುಟ್ಟಿದ್ದು ಅಲ್ಲಿಯೇ. ಇದನ್ನು ಅವಳ ಮುಂದೆ ಯಾವತ್ತೂ ಹೇಳಿರಲಿಲ್ಲ. ಹುದ್ದೆಗಳ ಹೆಸರಷ್ಟೇ ಹೇಳಿದ್ದೆ.

ಮರುದಿನ ರಾಣೆಬೆನ್ನೂರು ತಾಲೂಕಿನ ನಮ್ಮಕ್ಕನ ಊರಿಗೆ ಹೋದೆವು. ಅಕ್ಕ ಹತ್ತಿ ಬೀಜೋತ್ಪಾದನೆ ಮಾಡುತ್ತಾಳೆ, ಎರಡು ತಳಿ ಕೂಡಿಸುವ ಕ್ರಾಸಿಂಗ್ ಜೋರಿತ್ತು. ಆಳು ಸಾಲದ್ದಕ್ಕೆ ನಮ್ಮನ್ನೂ ಹೊಲಕ್ಕೆ ಇಳಿಸಿದಳು. ಮಧ್ಯಾಹ್ನ ಮೂರರ ಮೇಲೆ ಶುರು. ನಾಳೆ ಅರಳುವ ಮೊಗ್ಗು ಯಾವುದೆಂದು ಗುರುತು ಹಿಡಿದು, ಹೆಬ್ಬೆರಳಿನ ಉಗುರಿನಿಂದ ಎಸಳನ್ನೂ ಗಂಡು ಕೇಸರವನ್ನೂ ಒಟ್ಟಿಗೇ ಸುಲಿದು ತೆಗೆಯಬೇಕು. ಒಳಗಿನ ಹೆಣ್ಣು ಭಾಗಕ್ಕೆ ಉಗುರು ತಾಗಬಾರದು. ಮೇಲೆ ಕೆಂಪು ಹಾಳೆಯ ಚೀಲ ಹಾಕಬೇಕು. ಮರುದಿನ ಬೆಳಿಗ್ಗೆ ಆ ಕೆಂಪು ನೋಡಿಯೇ ಹುಡುಕಿ, ಗಂಡು ಗಿಡದ, ಅಂದರೆ ಪರಾಗಕ್ಕೆಂದೇ ಬೆಳೆಸಿದ ಬೇರೆ ತಳಿಯ ಗಿಡದ, ಹೂವಿನಿಂದ ಪರಾಗ ಸವರುವುದು.

ನನ್ನ ಕೈಯಲ್ಲಿ ಮೊದಲ ಮೊಗ್ಗುಗಳು ಹಾಳಾದವು. ಮಗಳು ಪಕ್ಕಕ್ಕೆ ಬಂದು ಬೆರಳು ಹಿಡಿದು ತೋರಿಸಿದಳು. ‘ಇದನ್ನ ಕೈಲೇ ಯಾಕ ಮಾಡಬೇಕು?’ ಅಂತ ಕೇಳಿದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಅಷ್ಟು ಕೇಳಿದ್ದೇ, ಮಾತು ಶುರುವಾಯಿತು. ಹತ್ತಿ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವಂತೆ, ಬಿಟ್ಟರೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದಂತೆ, ಅದಕ್ಕೇ ಗಂಡು ಭಾಗವನ್ನು ಮೊದಲೇ ಕೈಯಿಂದ ತೆಗೆಯುವುದಂತೆ. ಎರಡು ಬೇರೆ ಬೇರೆ ಜಾತಿಯ ಹತ್ತಿ ಕೂಡಿಸಿ ಮಾಡಿದ ವರಲಕ್ಷ್ಮಿ ಹುಟ್ಟಿದ್ದು ಧಾರವಾಡದಲ್ಲೇ, 1972ರಲ್ಲಿ ರೈತರ ಕೈಗೆ ಬಂತು. ನಮ್ಮಪ್ಪ ವರಲಕ್ಷ್ಮಿ ಹಾಕಿದ್ದು ನನಗೆ ನೆನಪಿದೆ ಅಂದೆ. ‘ಹೌದಾ? ಹೇಳೇ ಇಲ್ಲ ನೀ!’ ಅಂದಳು. ರಾತ್ರಿ ಎರಡು ಮಾತು ಆಡದ ಹುಡುಗಿ ಇಡೀ ಒಂದು ಸಾಲು ಮುಗಿಯೋವರೆಗೂ ಮಾತಾಡಿದಳು.

ಎರಡನೇ ಸಾಲಿನಲ್ಲಿ ನನ್ನ ಕಥೆ ಹೇಳಿದೆ. ಪಿಯುಸಿ ಆದಮೇಲೆ ಐಟಿಐ ಕಲಿಯುವ ಮನಸ್ಸಿತ್ತು. ಅಪ್ಪ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ, ಅಂಗಡಿಗೆ ಸೇರಿದೆ. ರೇಟು ಬಿದ್ದ ವರ್ಷಗಳದ್ದನ್ನೂ ಹೇಳಿದೆ.

ಅವಳು ಮೊಗ್ಗಿನ ಮೇಲಿನ ಕಣ್ಣು ತೆಗೆಯದೇ ಅಂದಳು: ‘ಅಪ್ಪಾ, ನನಗ ತಳಿ ಅಭಿವೃದ್ಧಿ ಓದೂ ಆಸೆ ಐತಿ, ಎಮ್ಮೆಸ್ಸಿ. ಆದ್ರ ಖಾತ್ರಿ ಇಲ್ಲ. ನೀ ಕೇಳಿದಾಗ, ಗೊತ್ತಿಲ್ಲ ಅಂದ್ರ ತಪ್ಪಾಕೈತಿ ಅನಸ್ತೈತಿ.’

ಈ ಮಾತು ಬಹಳ ಹೊತ್ತು ಎದೆಯೊಳಗೆ ಕೂತಿತ್ತು. ಇಪ್ಪತ್ತರ ಹುಡುಗಿಗೆ ಗೊತ್ತಿಲ್ಲ ಅನ್ನಲಿಕ್ಕೂ ನಾನು ಜಾಗ ಬಿಟ್ಟಿರಲಿಲ್ಲ. ತಾಟಿನ ಮುಂದೆ ಎದುರಾಬದುರು ಕೂಡಿಸಿಕೊಂಡು, ಉತ್ತರ ನಾನೇ ಇಟ್ಟುಕೊಂಡು ಕೇಳಿದರೆ ಯಾವ ಮಕ್ಕಳು ತಾನೇ ಮಾತಾಡಿಯಾರು?

‘ಗೊತ್ತಿಲ್ಲಂದ್ರ ನೋಡ್ಕೊಂಡ ಬಾ’ ಅಂದೆ. ಕೊನೆಯ ವರ್ಷ ಹಳ್ಳಿಯಲ್ಲಿದ್ದು ಕಾರ್ಯಾನುಭವ ಪಡೆಯುವುದು ಹೇಗೂ ಇದೆ. ಅದಕ್ಕೂ ಮುಂಚೆ ಬೀಜ ಕಂಪನಿಯ ಲ್ಯಾಬಿನಲ್ಲಿ ಮೊಳಕೆ ಪರೀಕ್ಷೆ, ತಳಿ ಶುದ್ಧತೆ ಪರೀಕ್ಷೆ ಹೇಗೆ ಮಾಡುತ್ತಾರೆ ನೋಡಬೇಕು ಅಂದಳು. ಅಕ್ಕನ ಬೀಜ ಒಯ್ಯುವ ಆರ್ಗನೈಜರ್ ನನಗೆ ಪರಿಚಯ. ಅಲ್ಲೇ ಫೋನು ಹಚ್ಚಲು ಹೋದವನು ತಡೆದುಕೊಂಡು, ನಂಬರು ಅವಳಿಗೇ ಕೊಟ್ಟೆ. ಬ್ಯಾಂಕಿನಲ್ಲಿ ಕೃಷಿ ಅಧಿಕಾರಿಯಾಗಿರುವ ನಮ್ಮೂರ ಹುಡುಗನನ್ನೂ ಕೇಳುವುದಾಗಿ ಅವಳೇ ಅಂದಳು: ‘ದಿನಾ ಮುಂಜಾನೆಯಿಂದ ಸಂಜೀತನ ಏನ್ ಕೆಲಸ ಇರ್ತೈತಿ ಅಂತ ಕೇಳ್ತೀನಿ.’ ನನಗೆ ಅದು ಹೊಳೆದಿರಲೇ ಇಲ್ಲ.

ಬೆಳಿಗ್ಗೆ ಮತ್ತೆ ಹೊಲ. ಒಂದು ಗಂಡು ಹೂ ನಾಲ್ಕೈದು ಹೆಣ್ಣು ಹೂವಿಗೆ ಸಾಕು ಅನ್ನುತ್ತ ಬುಟ್ಟಿಯಿಂದ ಹೂ ಆರಿಸಿ ನನ್ನ ಕೈಗಿಟ್ಟಳು. ಅಷ್ಟರಲ್ಲಿ ಅವಳ ಫೋನು ಬಡಿಯಿತು. ಆರ್ಗನೈಜರ್. ‘ನಾನ ಮಾತಾಡ್ತೀನಪ್ಪಾ’ ಅಂತ ಬದುವಿನ ಕಡೆ ನಡೆದಳು. ನಾನು ಕೆಂಪು ಹಾಳೆ ಹುಡುಕುತ್ತ ಸಾಲಿನಲ್ಲೇ ಉಳಿದೆ.