ಮೂರನೆಯ ಬಾಗಿಲಿಗೆ ಹಾಕಿದ ಮತ

2022ರ ನವೆಂಬರ್ 8ರ ಸಂಜೆ ಚಿಕ್ಕಮಗಳೂರಿನಲ್ಲಿ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತು. ಆರು ಗಂಟೆ ಹತ್ತೊಂಬತ್ತು ನಿಮಿಷಕ್ಕೆ ಮೋಕ್ಷವಾಗಿ, ಮನೆಯವರು ಒಬ್ಬೊಬ್ಬರಾಗಿ ಸ್ನಾನಕ್ಕೆ ಏಳುತ್ತಿದ್ದ ಹೊತ್ತಿನಲ್ಲಿ ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಬೆಳಗಿನ ಆರು ಗಂಟೆಯಾಗುತ್ತಿತ್ತು, ಮತಕೇಂದ್ರಗಳು ತೆರೆಯುತ್ತಿದ್ದವು. ಫೀನಿಕ್ಸ್ ನಗರದ ಹೊರವಲಯದಲ್ಲಿ ನೆಲೆಸಿರುವ ನನ್ನ ತಂಗಿಗೆ ಅಲ್ಲಿನ ಪೌರತ್ವ ಸಿಕ್ಕ ಮೇಲೆ ಬಂದ ಮೊದಲ ಮಧ್ಯಾವಧಿ ಚುನಾವಣೆ ಅದು. ಅಂಚೆಯಲ್ಲಿ ಮನೆಗೆ ಬಂದಿದ್ದ ಮತಪತ್ರವನ್ನು ಅವಳು ಗುರುತು ಮಾಡಿ ಲಕೋಟೆಗೆ ಸೇರಿಸಿಟ್ಟಿದ್ದಳು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಮತಕೇಂದ್ರದ ಪೆಟ್ಟಿಗೆಗೆ ಹಾಕುವುದಷ್ಟೇ ಬಾಕಿಯಿತ್ತು. ಹೊರಡುವ ಮುಂಚೆ ಫೋನ್ ಮಾಡಿದವಳು ಗ್ರಹಣದ ವಿಚಾರ ಕೇಳಲಿಲ್ಲ. "ಅಣ್ಣ, ನನ್ನ ಸಹಿ ಹೊಂದದಿದ್ದರೆ ಏನು ಮಾಡುವುದು?" ಎಂದಳು.

ನಮ್ಮ ಮತಗಟ್ಟೆಗಳಲ್ಲಿ ಗುರುತಿನ ಚೀಟಿ ನೋಡುತ್ತೇವೆ, ಪಟ್ಟಿಯಲ್ಲಿರುವ ಭಾವಚಿತ್ರವನ್ನು ಮುಖಕ್ಕೆ ಹೋಲಿಸುತ್ತೇವೆ, ಪಕ್ಷಗಳ ಏಜೆಂಟರಂತೂ ಅದೇ ಊರಿನವರಾದ್ದರಿಂದ ಹೆಸರು ಕೂಗಿದ ಕೂಡಲೇ ತಲೆಯಾಡಿಸುತ್ತಾರೆ. ಅಂಚೆ ಮತದಲ್ಲಿ ನೋಡುವುದಕ್ಕೆ ಮುಖವೇ ಇಲ್ಲ. ಲಕೋಟೆಯ ಮೇಲೆ ಮತದಾರ ಮಾಡಿದ ಸಹಿಯನ್ನು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ, ಕಚೇರಿಯವರು ತಮ್ಮ ಕಡತದಲ್ಲಿರುವ ಹಳೆಯ ಸಹಿಗಳ ಪಕ್ಕದಲ್ಲಿಟ್ಟು ನೋಡಿ, ಹೊಂದಿದರೆ ಮಾತ್ರ ಒಳಗಿನ ಮತಪತ್ರವನ್ನು ಎಣಿಕೆಗೆ ಕಳಿಸುತ್ತಾರೆ. ನನ್ನ ತಂಗಿ ಊರಿನಲ್ಲಿದ್ದಷ್ಟು ಕಾಲ ಕನ್ನಡದಲ್ಲಿ ಸಹಿ ಮಾಡುತ್ತಿದ್ದವಳು. ಅಲ್ಲಿ ವಾಹನ ಪರವಾನಗಿ ಪಡೆಯುವಾಗ ಗಾಜಿನ ಹಲಗೆಯ ಮೇಲೆ ಅವಸರದಲ್ಲಿ ಗೀಚಿದ್ದು ಒಂದು ಬಗೆ, ಲಕೋಟೆಯ ಮೇಲೆ ಜಾಗ್ರತೆಯಿಂದ ಬರೆದದ್ದು ಇನ್ನೊಂದು ಬಗೆ. ಸಹಿ ಹೊಂದದಿದ್ದರೆ ಕಚೇರಿಯವರು ಮತದಾರರನ್ನು ಸಂಪರ್ಕಿಸುತ್ತಾರೆ, ಚುನಾವಣೆಯ ನಂತರ ಐದು ಕೆಲಸದ ದಿನಗಳೊಳಗೆ ಅದನ್ನು ಸರಿಪಡಿಸಿಕೊಳ್ಳಬಹುದು ಎಂಬ ಆಗಿನ ನಿಯಮ ಅವಳಿಗೆ ಗೊತ್ತಿತ್ತು. ಅವಳ ಚಿಂತೆ ನಿಯಮದ ಆಚೆಗಿನದು. "ಗೊತ್ತಿಲ್ಲದ ನಂಬರಿನ ಕರೆಯನ್ನು ನಾನು ತೆಗೆಯುವುದೇ ಇಲ್ಲವಲ್ಲ ಅಣ್ಣ, ಅದು ಆ ಕಚೇರಿಯ ಕರೆಯೇ ಆಗಿದ್ದರೆ?"

ಅಮೆರಿಕದ ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ ಬರುವ ಈ ಚುನಾವಣೆಯಲ್ಲಿ ಕೆಳಮನೆಯ ಎಲ್ಲ 435 ಸ್ಥಾನಗಳಿಗೂ, ನೂರು ಸದಸ್ಯರ ಸೆನೆಟ್ಟಿನ ಮೂರನೆಯ ಒಂದರಷ್ಟು ಸ್ಥಾನಗಳಿಗೂ ಮತದಾನವಾಗುತ್ತದೆ. ಜೊತೆಗೆ ಬಹುಪಾಲು ರಾಜ್ಯಗಳ ಗವರ್ನರ್ ಸ್ಥಾನ, ಶಾಲಾ ಮಂಡಳಿ, ನ್ಯಾಯಾಧೀಶರ ಮುಂದುವರಿಕೆ, ಜನಮತಕ್ಕೆ ಬಿಟ್ಟ ಕಾನೂನುಗಳು ಎಲ್ಲವೂ ಅದೇ ಕಾಗದದ ಮೇಲೆ ಬಂದು ಕೂರುತ್ತವೆ. ಅರಿಜೋನಾದಲ್ಲಿ ಆ ವರ್ಷ ಹತ್ತು ಕಾನೂನು ಪ್ರಸ್ತಾಪಗಳಿದ್ದವು. ಗಣಿಗಳ ಸುರಕ್ಷತೆ ನೋಡುವ ಅಧಿಕಾರಿಯನ್ನೂ ಅಲ್ಲಿ ಜನರೇ ಆರಿಸುತ್ತಾರೆ. ನವೆಂಬರಿನ ಮೊದಲ ಸೋಮವಾರದ ಮರುದಿನದ ಮಂಗಳವಾರವನ್ನು 1845ರಲ್ಲಿ, ಮೊದಲಿಗೆ ಅಧ್ಯಕ್ಷರ ಚುನಾವಣೆಗೆಂದು, ಗೊತ್ತುಮಾಡಿದಾಗ ಆ ದೇಶ ರೈತರ ದೇಶವಾಗಿತ್ತು, ಆ ಹೊತ್ತಿಗೆ ಅವರ ಸುಗ್ಗಿ ಮುಗಿದಿರುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಅರೇಬಿಕಾ ಹಣ್ಣು ಕೊಯ್ಲಿಗೆ ಬರುವುದೇ ಆ ದಿನಗಳಲ್ಲಿ, ತೋಟ ಬಿಟ್ಟು ಕದಲಲು ಯಾರಿಗೂ ಆಗುವುದಿಲ್ಲ. ಅಲ್ಲಿ ಈಗ ಸುಗ್ಗಿಯ ಲೆಕ್ಕ ಯಾರಿಗೂ ಬೇಕಿಲ್ಲ, ಮಂಗಳವಾರ ಮಾತ್ರ ಉಳಿದಿದೆ. ಮತದಾನದ ದಿನ ವೇತನಸಹಿತ ರಜೆ ಕೊಡಬೇಕೆಂದು ನಮ್ಮ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಇರುವಂಥ ದೇಶವ್ಯಾಪಿ ನಿಯಮ ಅಲ್ಲಿಲ್ಲ.

ನಾನು ಶಾಲಾ ಶಿಕ್ಷಕ. ಚುನಾವಣೆ ಬಂದಾಗಲೆಲ್ಲ ಮಸ್ಟರಿಂಗ್ ಕೇಂದ್ರದಲ್ಲಿ ಯಂತ್ರಗಳನ್ನು ಎಣಿಸಿ ಪಡೆದು, ಬಸ್ಸು ಹತ್ತಿ, ಮಲೆನಾಡಿನ ಯಾವುದೋ ಮೂಲೆಯ ಶಾಲೆಯಲ್ಲಿ ರಾತ್ರಿ ಕಳೆದು, ಬೆಳಗಿನ ಜಾವ ಏಜೆಂಟರ ಎದುರು ಅಣಕು ಮತದಾನ ನಡೆಸುವ ಸಾವಿರಾರು ನೌಕರರಲ್ಲಿ ಒಬ್ಬ. ಕನಿಷ್ಠ ಐವತ್ತು ಮತ ಹಾಕಿಸಿ, ಎಣಿಸಿ ತೋರಿಸಿ, ಅಳಿಸಿ, ವಿವಿಪ್ಯಾಟ್ ಚೀಟಿಗಳನ್ನು ತೆಗೆದು ಮೊಹರು ಮಾಡಿದ ಮೇಲೆಯೇ ನಿಜವಾದ ಮತದಾನ ಶುರುವಾಗಬೇಕು. ಇಷ್ಟೆಲ್ಲ ಮಾಡಿದರೂ ಮತ ಹಾಕಿ ಹೊರಬರುವ ಅಜ್ಜಿಯೊಬ್ಬರು ನನ್ನ ಮೇಜಿನ ಬಳಿ ನಿಂತು, "ಮೇಷ್ಟ್ರೇ, ನಂದು ಬಿತ್ತಾ?" ಎಂದು ಕೇಳದ ಮತಗಟ್ಟೆಯನ್ನು ನಾನು ನೋಡಿಲ್ಲ. ಗಾಜಿನ ಹಿಂದೆ ಏಳು ಸೆಕೆಂಡು ನಿಂತು ಬೀಳುವ ಚೀಟಿಯನ್ನು ಅವರು ಕಂಡಿರುತ್ತಾರೆ, ಬೀಪ್ ಶಬ್ದವನ್ನೂ ಕೇಳಿರುತ್ತಾರೆ. ಆದರೂ ಒಬ್ಬ ಮನುಷ್ಯನ ಬಾಯಿಂದ "ಬಿತ್ತಮ್ಮ" ಎಂಬ ಮಾತು ಬೇಕು. ಮತದಾರನ ನಂಬಿಕೆ ಉಳಿಯುವುದೋ ಕಳೆಯುವುದೋ ತೀರ್ಮಾನವಾಗುವುದು ಮೇಜಿನ ಎದುರಿನ ಆ ಒಂದೆರಡು ನಿಮಿಷಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ದಿನ ಅರಿಜೋನಾದಲ್ಲಿ ನಡೆದದ್ದು ಅದಕ್ಕೆ ಸಾಕ್ಷಿ.

ಆ ರಾಜ್ಯದ ಅರ್ಧಕ್ಕಿಂತ ಹೆಚ್ಚು ಜನ ವಾಸಿಸುವ ಮೆರಿಕೋಪಾ ಕೌಂಟಿಯಲ್ಲಿ ಅಂದು 223 ಮತಕೇಂದ್ರಗಳಿದ್ದವು. ಕೌಂಟಿಯ ಮತದಾರ ಅವುಗಳಲ್ಲಿ ಯಾವುದಕ್ಕೆ ಹೋದರೂ ಅವನ ಬಡಾವಣೆಗೆ ಸಂಬಂಧಿಸಿದ ಮತಪತ್ರವನ್ನು ಅಲ್ಲಿಯೇ ಮುದ್ರಿಸಿ ಕೊಡುತ್ತಾರೆ. ಅವನು ಪೆನ್ನಿನಿಂದ ಗುರುತು ಮಾಡಿ, ಪಕ್ಕದಲ್ಲಿರುವ ಎಣಿಕೆ ಯಂತ್ರಕ್ಕೆ ತಾನೇ ತೂರಿಸುತ್ತಾನೆ. ಆ ಬೆಳಿಗ್ಗೆ ಕಾಲು ಭಾಗಕ್ಕೂ ಹೆಚ್ಚು ಕೇಂದ್ರಗಳಲ್ಲಿ ಮುದ್ರಣ ಮಸುಕಾಗಿ, ಯಂತ್ರಗಳು ಕಾಗದವನ್ನು ಓದಲಾರದೆ ಹಿಂದಕ್ಕೆ ತಳ್ಳತೊಡಗಿದವು. ಅಭ್ಯರ್ಥಿಗಳೂ ಪ್ರಸ್ತಾಪಗಳೂ ಹೆಚ್ಚಾಗಿ ಮತಪತ್ರ 20 ಅಂಗುಲ ಉದ್ದವಾಗಿತ್ತು, ಕಾಗದವೂ ದಪ್ಪನೆಯದು, ಅದನ್ನು ತಾಳಿಕೊಳ್ಳುವ ಶಕ್ತಿ ಆ ಮುದ್ರಣಯಂತ್ರಗಳಿಗೆ ಇರಲಿಲ್ಲ ಎಂಬುದು ಮುಂದೆ ರಾಜ್ಯ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ರೂತ್ ಮೆಕ್‌ಗ್ರೆಗರ್ ನಡೆಸಿದ ಪರಿಶೀಲನೆಯಿಂದ ತಿಳಿಯಿತು. ಆದರೆ ಸಾಲಿನಲ್ಲಿ ನಿಂತವರಿಗೆ ಆ ಹೊತ್ತಿನಲ್ಲಿ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರ ಕಣ್ಣಿಗೆ ಕಂಡದ್ದು, ತಮ್ಮ ಮತವನ್ನು ಯಂತ್ರ ಬೇಡವೆನ್ನುತ್ತಿದೆ ಎಂಬುದಷ್ಟೆ.

ಯಂತ್ರ ಓದದ ಮತಪತ್ರಗಳನ್ನು ಹಾಕಲೆಂದು ಅದೇ ಯಂತ್ರದ ಕೆಳಗೆ ಬೀಗ ಹಾಕಿದ ಒಂದು ಕಂಡಿ ಇರುತ್ತದೆ. ಅದನ್ನು ಮೂರನೆಯ ಬಾಗಿಲು ಎಂದು ಕರೆಯುತ್ತಿದ್ದರು. ಅಲ್ಲಿ ಹಾಕಿದವು ಫೀನಿಕ್ಸ್ ನಗರದ ಮುಖ್ಯ ಎಣಿಕೆ ಕೇಂದ್ರಕ್ಕೆ ಹೋಗಿ ಎಣಿಕೆಯಾಗುತ್ತವೆ. ಈ ಏರ್ಪಾಡು ಹೊಸದೇನೂ ಅಲ್ಲ, ಎಷ್ಟೋ ಕೌಂಟಿಗಳಲ್ಲಿ ಎಲ್ಲ ಮತಗಳೂ ಹೀಗೆಯೇ ಕೇಂದ್ರದಲ್ಲಿ ಎಣಿಕೆಯಾಗುತ್ತವೆ. ಆದರೆ ಕೆಲವೇ ಗಂಟೆಗಳಲ್ಲಿ "ಮೂರನೆಯ ಬಾಗಿಲಿಗೆ ಹಾಕಬೇಡಿ, ಅದು ಎಣಿಕೆಯಾಗುವುದಿಲ್ಲ" ಎಂಬ ಮಾತು ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬಿತು. ಕೆಲವರು ಯಂತ್ರ ಸರಿಯಾಗಲಿ ಎಂದು ಕಾದರು, ಕೆಲವರು ಬೇರೆ ಕೇಂದ್ರಕ್ಕೆ ಹೊರಟರು. ಹಾಗೆ ಹೊರಟವರಲ್ಲಿ ಕೆಲವರಿಗೆ, ಮೊದಲ ಕೇಂದ್ರದ ದಾಖಲೆಯಿಂದ ತಮ್ಮ ಹೆಸರನ್ನು ಬಿಡಿಸಿಕೊಂಡು ಬರಬೇಕಿತ್ತು ಎಂಬುದು ಎರಡನೆಯ ಕೇಂದ್ರಕ್ಕೆ ಹೋದ ಮೇಲಷ್ಟೇ ತಿಳಿಯಿತು. ಕೊನೆಗೆ ಸುಮಾರು 17,000 ಮತಪತ್ರಗಳು ಆ ಕಂಡಿಯ ಮೂಲಕ ಹೋದವು, ಎಣಿಕೆಯೂ ಆದವು.

ತಂಗಿಯ ಲಕೋಟೆಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ. ಆದರೂ ರೇಡಿಯೋದಲ್ಲಿ ಸುದ್ದಿ ಕೇಳಿ ಅವಳು ದಿನವಿಡೀ ತಳಮಳಿಸಿದಳು. ಅಕ್ಟೋಬರಿನಲ್ಲಿ ಅದೇ ಕೌಂಟಿಯ ಮೇಸಾ ಎಂಬಲ್ಲಿ ಮುಖ ಮುಚ್ಚಿಕೊಂಡವರು, ಕೆಲವರು ಬಂದೂಕು ಹಿಡಿದು, ಮತಪೆಟ್ಟಿಗೆಯನ್ನು ಕಾಯುತ್ತಾ ನಿಂತಿದ್ದರು. ನವೆಂಬರ್ 1ರಂದು ಫೆಡರಲ್ ನ್ಯಾಯಾಧೀಶರೊಬ್ಬರು ಅವರನ್ನು ನಿರ್ಬಂಧಿಸಬೇಕಾಯಿತು. ಪೆಟ್ಟಿಗೆಗೆ ಲಕೋಟೆ ಹಾಕಲು ಹೋಗುವವಳ ಚರ್ಮದ ಬಣ್ಣ ನಮ್ಮದಾಗಿದ್ದು, ಮಾತಿನಲ್ಲಿ ಮಲೆನಾಡಿನ ಎಳೆ ಉಳಿದಿದ್ದರೆ ಆ ಸುದ್ದಿಯನ್ನು ಅವಳು ಹೇಗೆ ಓದಿಕೊಂಡಿರಬಹುದು ಎಂಬುದನ್ನು ನಾನು ವಿವರಿಸಬೇಕಿಲ್ಲ. ಇತ್ತ ಊರಿನ ಮತದಾರರ ಪಟ್ಟಿಯಲ್ಲಿ ಅವಳಿಗೆ ಜಾಗವಿಲ್ಲ. ಬೇರೆ ದೇಶದ ಪೌರತ್ವ ಪಡೆದವರಿಗೆ ನಮ್ಮ ಕಾನೂನಿನಲ್ಲಿ ಮತದ ಹಕ್ಕು ಉಳಿಯುವುದಿಲ್ಲ. ಅವಳ ಪಾಲಿಗೆ ಇರುವುದು ಆ ಒಂದು ಲಕೋಟೆ ಮಾತ್ರ.

ಸಾಲಿನ ಕಷ್ಟವೂ ಅಲ್ಲಿ ಕಡಿಮೆಯದಲ್ಲ. 2018ರ ಮಧ್ಯಾವಧಿ ಚುನಾವಣೆಯಂದು ಜಾರ್ಜಿಯಾದ ಗ್ವಿನೆಟ್ ಕೌಂಟಿಯ ಶಾಲೆಯೊಂದರಲ್ಲಿ ಮತಯಂತ್ರಗಳಿಗೆ ವಿದ್ಯುತ್ ತಂತಿಗಳನ್ನೇ ತಂದಿರಲಿಲ್ಲ, ಬ್ಯಾಟರಿ ಮುಗಿದು ಜನ ಗಂಟೆಗಟ್ಟಲೆ ನಿಂತರು. ಅದೇ ವರ್ಷ ಕ್ಯಾನ್ಸಸ್ ರಾಜ್ಯದ ಡಾಡ್ಜ್ ಸಿಟಿಯಲ್ಲಿ ಇಡೀ ಪಟ್ಟಣಕ್ಕಿದ್ದ ಒಂದೇ ಮತಕೇಂದ್ರವನ್ನು ಊರ ಹೊರಗೆ, ಬಸ್ ನಿಲ್ಲುವ ಜಾಗದಿಂದಲೂ ದೂರಕ್ಕೆ ಸಾಗಿಸಿದ್ದರು. ಇದನ್ನು ಓದುವಾಗ ನನಗೆ ನೆನಪಾದವರು ನಮ್ಮ ತೋಟದ ಲೈನ್ ಮನೆಗಳ ಕೂಲಿಕಾರರು. ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅವರ ಹೆಸರು ಹಳೆಯ ಪಟ್ಟಿಯಿಂದ ಹೋಗಿರುತ್ತದೆ, ಹೊಸದಕ್ಕೆ ಸೇರಿರುವುದಿಲ್ಲ. ಜೀಪು ಹತ್ತಿ ಘಾಟಿ ರಸ್ತೆಯಲ್ಲಿ ಬಂದು, ಸಾಲಿನಲ್ಲಿ ನಿಂತು, ಮೇಜಿನ ಬಳಿ "ನಿಮ್ಮ ಹೆಸರಿಲ್ಲ" ಎಂಬ ಮಾತು ಕೇಳಿ ಹಿಂದಿರುಗುವವರ ಮುಖ ನೋಡುವುದು ಈ ಕರ್ತವ್ಯದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ. ಹೆಸರಿದ್ದವರಿಗೆ ಇನ್ನೊಂದು ಹೆದರಿಕೆಯಿದೆ. ಮತಗಟ್ಟೆವಾರು ಎಣಿಕೆಯ ಅಂಕಿಗಳು ಹೊರಬರುವುದರಿಂದ, ಸಣ್ಣ ಮತಗಟ್ಟೆಯಲ್ಲಿ ಯಾವ ಲೈನಿನವರು ಯಾರ ಕಡೆ ವಾಲಿದರು ಎಂಬುದನ್ನು ಸಾಹುಕಾರರು ಊಹಿಸಿಬಿಡುತ್ತಾರೆ. ಅರಿಜೋನಾದಲ್ಲಿ ಮತದಾರ ಯಾವ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡಿದ್ದಾನೆ ಎಂಬುದೇ ಪಕ್ಷಗಳಿಗೆ ಸಿಗುವ ಪಟ್ಟಿಯಲ್ಲಿ ಬರೆದಿರುತ್ತದೆ. ನೆರೆಯವರು ಪ್ರಚಾರಕ್ಕೆ ಬಂದು ತನ್ನ ಹೆಸರನ್ನೂ ಪಕ್ಷವನ್ನೂ ಓದಿ ಹೇಳಿದಾಗ ತಂಗಿ ಬೆಚ್ಚಿಬಿದ್ದಿದ್ದಳು.

ಅವಳು ಹೇಳಿದ್ದರಲ್ಲಿ ನನಗೆ ಒಪ್ಪಿಕೊಳ್ಳಲು ಇಂದಿಗೂ ಆಗದ ಸಂಗತಿಯೊಂದಿದೆ. ಅಲ್ಲಿ ನಮ್ಮ ಚುನಾವಣಾ ಆಯೋಗದಂತೆ ಇಡೀ ದೇಶದ ಮತದಾನ ನಡೆಸುವ ಸಂಸ್ಥೆಯಿಲ್ಲ. ಕೌಂಟಿಗಳು ನಡೆಸುತ್ತವೆ, ರಾಜ್ಯ ಮಟ್ಟದಲ್ಲಿ ಮೇಲ್ವಿಚಾರಣೆ ನೋಡುವವರು ಸಾಮಾನ್ಯವಾಗಿ ಪಕ್ಷದ ಚಿಹ್ನೆಯ ಮೇಲೆ ಗೆದ್ದ ಸೆಕ್ರೆಟರಿ ಆಫ್ ಸ್ಟೇಟ್. 2022ರಲ್ಲಿ ಅರಿಜೋನಾದ ಆ ಹುದ್ದೆಯಲ್ಲಿದ್ದ ಕೇಟಿ ಹಾಬ್ಸ್ ಅವರೇ ಗವರ್ನರ್ ಸ್ಥಾನದ ಅಭ್ಯರ್ಥಿಯೂ ಆಗಿದ್ದರು. ಅವರು ತಪ್ಪೇನೂ ಮಾಡದಿದ್ದರೂ ಅಂಥ ಏರ್ಪಾಡು ಇರಬಾರದು. ನಮ್ಮಲ್ಲಿ ಒಬ್ಬ ಶಿಕ್ಷಕನನ್ನು ಮತಗಟ್ಟೆಗೆ ಹಾಕುವಾಗಲೂ ಅವನ ಕ್ಷೇತ್ರದಿಂದ ಹೊರಗೆ, ಕಂಪ್ಯೂಟರಿನ ಆಯ್ಕೆಯಂತೆ ಕಳಿಸುತ್ತಾರೆ. ಎಣಿಕೆಯೂ ತಡವಾಯಿತು. ತಂಗಿಯಂತೆ ಚುನಾವಣೆಯ ದಿನವೇ ಲಕೋಟೆ ತಂದು ಹಾಕಿದವರು ಆ ಕೌಂಟಿಯೊಂದರಲ್ಲಿಯೇ ಸುಮಾರು 2,90,000 ಜನ, ಪ್ರತಿ ಸಹಿಯನ್ನೂ ನೋಡಬೇಕು. ಗವರ್ನರ್ ಯಾರೆಂದು ಸುದ್ದಿಸಂಸ್ಥೆಗಳು ಹೇಳಿದ್ದು ನವೆಂಬರ್ 14ಕ್ಕೆ. ಅಂತರ 17,117 ಮತ. ಈ ನಡುವೆ ಒಂದು ದಿನ ಅವಳ ಫೋನಿಗೆ, ಲಕೋಟೆ ತಲುಪಿದೆ, ಸಹಿ ಹೊಂದಿದೆ ಎಂಬ ಸಂದೇಶ ಬಂದಿತು. ಅದರ ಚಿತ್ರವನ್ನು ಅವಳು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದಳು.

ಒಂದು ಮತದಿಂದ ಏನಾಗುತ್ತದೆ ಎನ್ನುವವರಿಗೆ ನಾನು ಎರಡು ಅಂಕಿಗಳನ್ನು ಹೇಳುತ್ತೇನೆ. ಅರಿಜೋನಾದ ಅಟಾರ್ನಿ ಜನರಲ್ ಸ್ಥಾನಕ್ಕೆ ಸುಮಾರು 25 ಲಕ್ಷ ಮತಗಳು ಬಿದ್ದು, ಮೊದಲ ಎಣಿಕೆಯಲ್ಲಿ 511 ಇದ್ದ ಕ್ರಿಸ್ ಮೇಯ್ಸ್ ಅವರ ಮುನ್ನಡೆ ಮರುಎಣಿಕೆಯಲ್ಲಿ 280ಕ್ಕೆ ಇಳಿಯಿತು; ಪಿನಾಲ್ ಕೌಂಟಿಯಲ್ಲಿ ಕೆಲವು ನೂರು ಮತಗಳು ಮೊದಲ ಸಲ ಎಣಿಕೆಯಿಂದ ತಪ್ಪಿಹೋಗಿದ್ದವು. ಆರು ತಿಂಗಳ ಬಳಿಕ, 2023ರ ಮೇ 13ರಂದು, ನಮ್ಮದೇ ಜಿಲ್ಲೆಯ ಶೃಂಗೇರಿ ಕ್ಷೇತ್ರದ ಫಲಿತಾಂಶ ಘೋಷಣೆಯಾದಾಗ ಟಿ.ಡಿ. ರಾಜೇಗೌಡ ಮತ್ತು ಡಿ.ಎನ್. ಜೀವರಾಜ್ ಅವರ ನಡುವಿನ ಅಂತರ 201 ಮತ. "ನಂದು ಬಿತ್ತಾ?" ಎಂದು ಕೇಳುವ ಅಜ್ಜಿಯ ಪ್ರಶ್ನೆಯನ್ನು ತಿಳಿಗೇಡಿತನವೆಂದು ತಳ್ಳಿಹಾಕುವವರು ಈ ಅಂಕಿಗಳನ್ನು ನೋಡಬೇಕು. ಮತಗಳು ಎಣಿಕೆಯಿಂದ ತಪ್ಪುವುದುಂಟು, ಹುಡುಕಿದರೆ ಸಿಗುವುದೂ ಉಂಟು.

2024ರ ಚುನಾವಣೆಗೆ ಮುನ್ನ ತಂಗಿ ಮತಕೇಂದ್ರದ ಕೆಲಸಕ್ಕೆ ತಾನೇ ಹೆಸರು ಕೊಟ್ಟಳು. ಅಲ್ಲಿ ಈ ಕೆಲಸ ಮಾಡುವವರು ನೌಕರರಲ್ಲ, ಅಲ್ಪ ಸಂಭಾವನೆಗೆ ಬರುವ ಸಾಮಾನ್ಯ ನಾಗರಿಕರು. ಒಂದೇ ಪಕ್ಷದವರು ತುಂಬಿಕೊಳ್ಳದಂತೆ ಎರಡೂ ಕಡೆಯವರನ್ನು ಸೇರಿಸುತ್ತಾರೆ. ಬೆದರಿಕೆಗಳಿಗೆ ಬೇಸತ್ತು ಅನುಭವಸ್ಥರು ಎಷ್ಟೋ ಮಂದಿ ಬಿಟ್ಟುಹೋಗಿದ್ದರು. ಮತಪತ್ರ ಯಂತ್ರಕ್ಕೆ ಹೋಗುವ ಜಾಗದಲ್ಲಿ ತನ್ನನ್ನು ನಿಲ್ಲಿಸುತ್ತಾರಂತೆ, ಅದು ಹಿಂದಕ್ಕೆ ಬಂದರೆ ಜನರಿಗೆ ಏನು ಹೇಳಲಿ ಎಂದು ಕೇಳಿದಳು. ಅವರು ಕೇಳುವ ಮೊದಲೇ ನೀನು ಹೇಳು, ಎಂದೆ. ಅವರ ಕಾಗದವನ್ನು ಮುಟ್ಟಬೇಡ, ಕಂಡಿಗೆ ಹಾಕುವುದಾದರೆ ಅವರ ಕೈಯಿಂದಲೇ ಹಾಕಲಿ. ಅದು ಎಲ್ಲಿಗೆ ಹೋಗುತ್ತದೆ, ಯಾವಾಗ ಹೋಗುತ್ತದೆ, ಎರಡು ಪಕ್ಷಗಳ ಯಾರು ಯಾರು ಅದರ ಜೊತೆಗೆ ಹೋಗುತ್ತಾರೆ ಎಂಬುದನ್ನು ಬಿಡಿಸಿ ಹೇಳು. ನಿನಗೆ ತಿಳಿಯದಿದ್ದರೆ ಅವರ ಎದುರಿಗೇ ಮೇಲಿನವರನ್ನು ಕರೆದು ಕೇಳು. "ಆದರೂ ನಂಬದೆ ಸಿಟ್ಟು ಮಾಡಿಕೊಂಡು ಹೊರಟರೆ, ಅಣ್ಣ?" ಎಂದಳು. ಬಾಗಿಲ ತನಕ ಅವರ ಜೊತೆಗೆ ಹೋಗು, ಬೇರೆ ಕೇಂದ್ರಕ್ಕೆ ಹೋಗುವುದಾದರೆ ಇಲ್ಲಿ ಹೆಸರು ಬಿಡಿಸಿಕೊಂಡೇ ಹೋಗಿ ಎನ್ನು, ಅಲ್ಲಿ ಏಳು ಗಂಟೆಯೊಳಗೆ ಸಾಲಿಗೆ ಸೇರಿದರೆ ಸಾಕು, ಎಷ್ಟು ಹೊತ್ತಾದರೂ ಮತ ಹಾಕಲು ಬಿಡುತ್ತಾರೆ ಎನ್ನು, ಎಂದು ಹೇಳಿದೆ.